ಸಣ್ಣ ಪ್ರಾದೇಶಿಕ ವಿಮಾನಗಳ ಪ್ರಯಾಣ: ದಾವಣಗೆರೆ ಮತ್ತು ಚಿತ್ರದುರ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಸಾರ್ವಜನಿಕರಿಗೆ ನಿಗದಿತ ವಿಮಾನ ಸೇವೆ ಇಲ್ಲ. ಆದರೂ ಸುತ್ತಲಿನ ನಿಲ್ದಾಣಗಳಿಂದ ಐವತ್ತು, ಎಪ್ಪತ್ತು ಆಸನಗಳ ಸಣ್ಣ ವಿಮಾನಗಳು ಹಾರಾಡಲು ಆರಂಭಿಸಿದ ಮೇಲೆ ಇಲ್ಲಿನ ವರ್ತಕರು, ವಿದ್ಯಾರ್ಥಿಗಳ ಪೋಷಕರು, ಚಿಕಿತ್ಸೆಗೆ ಹೊರಡುವ ಕುಟುಂಬಗಳು ಅವುಗಳತ್ತ ನೋಡತೊಡಗಿವೆ. ದೊಡ್ಡ ಸಂಸ್ಥೆಗಳ ವಿಮಾನದಲ್ಲಿ ಹೋಗಿ ಬಂದ ಅನುಭವ ಇಲ್ಲಿ ಪೂರ್ತಿಯಾಗಿ ನೆರವಾಗುವುದಿಲ್ಲ. ಸಣ್ಣ ಸಂಸ್ಥೆಯ ವೇಳಾಪಟ್ಟಿ, ಲಗೇಜಿನ ಜಾಗ, ರದ್ದತಿಯ ಪರಿಣಾಮ ಎಲ್ಲವೂ ಬೇರೆ. ಬದಲಾಗದೆ ಇರುವುದು ಪ್ರಯಾಣಿಕರ ಹಕ್ಕುಗಳು ಮಾತ್ರ.

ನಮ್ಮ ಊರಿನವರು ಯಾವ ನಿಲ್ದಾಣವನ್ನು ಆರಿಸಿಕೊಳ್ಳಬೇಕು?

ದಾವಣಗೆರೆಯವರಿಗೆ ಅತಿ ಹತ್ತಿರದ್ದು ಶಿವಮೊಗ್ಗದ ಸೋಗಾನೆಯಲ್ಲಿರುವ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ. 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಈ ನಿಲ್ದಾಣದಿಂದ ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರು ವಿಮಾನ ಆರಂಭವಾಯಿತು. ನವೆಂಬರ್‌ನಲ್ಲಿ ಸ್ಟಾರ್ ಏರ್ ಸಂಸ್ಥೆಯು ಹೈದರಾಬಾದ್, ತಿರುಪತಿ ಮತ್ತು ಗೋವಾ ಮಾರ್ಗಗಳನ್ನು ಸೇರಿಸಿತು. ದಾವಣಗೆರೆಯಿಂದ ಶಿವಮೊಗ್ಗಕ್ಕೆ ಸುಮಾರು 90 ಕಿ.ಮೀ. ದೂರ. ಊರು ಕೇರಿಗಳ ನಡುವೆ ಸಾಗುವ ರಸ್ತೆಯಾದ್ದರಿಂದ ಎರಡೂಕಾಲು ಗಂಟೆ ಇಟ್ಟುಕೊಳ್ಳುವುದು ಕ್ಷೇಮ. ಹುಬ್ಬಳ್ಳಿ ಸುಮಾರು 150 ಕಿ.ಮೀ. ದೂರದಲ್ಲಿದ್ದರೂ ಇಡೀ ದಾರಿ ರಾಷ್ಟ್ರೀಯ ಹೆದ್ದಾರಿ 48ರಲ್ಲೇ ಸಾಗುವುದರಿಂದ ಸಮಯದ ವ್ಯತ್ಯಾಸ ದೂರದಷ್ಟು ದೊಡ್ಡದಲ್ಲ. ಹರಿಹರ, ರಾಣೆಬೆನ್ನೂರು ಕಡೆಯವರು ಹುಬ್ಬಳ್ಳಿಯನ್ನೇ ಮೊದಲು ಪರಿಶೀಲಿಸುವುದು ಒಳ್ಳೆಯದು.

ಚಿತ್ರದುರ್ಗದವರ ಲೆಕ್ಕ ಬೇರೆ. ಶಿವಮೊಗ್ಗ ನೂರು ಕಿಲೋಮೀಟರಿಗಿಂತ ತುಸು ಹೆಚ್ಚಾದರೆ, ಬೆಂಗಳೂರು ಸುಮಾರು 200 ಕಿ.ಮೀ. ದೂರದಲ್ಲಿದೆ. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ಹೋಗುವವರು ನಗರವನ್ನು ಪ್ರವೇಶಿಸಬೇಕಾಗಿಲ್ಲ: ಹಿರಿಯೂರು, ಶಿರಾ, ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ಹೊರಳಿದರೆ ದೊಡ್ಡಬಳ್ಳಾಪುರದ ಮೂಲಕ ನೇರ ದೇವನಹಳ್ಳಿ ಸೇರಬಹುದು. ಆಯ್ಕೆಗಳ ಸಂಖ್ಯೆಯನ್ನು ನೋಡಿದರೆ ಚಿತ್ರದುರ್ಗ, ಹಿರಿಯೂರಿನವರಿಗೆ ಬೆಂಗಳೂರೇ ಸಹಜ ನಿಲ್ದಾಣ. ಮೊಳಕಾಲ್ಮೂರು ಭಾಗದವರು ಬಳ್ಳಾರಿ ಆಚೆಯ ತೋರಣಗಲ್ಲಿನಲ್ಲಿರುವ ವಿದ್ಯಾನಗರ ನಿಲ್ದಾಣದ ವೇಳಾಪಟ್ಟಿಯನ್ನೂ ಒಮ್ಮೆ ನೋಡಬೇಕು. ಅಲ್ಲಿಗೆ ಬರುವುದು ಸಾಮಾನ್ಯವಾಗಿ ಸಣ್ಣ ಪ್ರಾದೇಶಿಕ ವಿಮಾನಗಳೇ.

ದಾವಣಗೆರೆಯಿಂದ ಬೆಂಗಳೂರಿಗೇ ಹೋಗಲು ವಿಮಾನ ಹಿಡಿಯುವುದು ಲಾಭವೇ?

ಇಲ್ಲ. ಸೋಗಾನೆಗೆ ಎರಡು ಗಂಟೆಗೂ ಹೆಚ್ಚು, ನಿಲ್ದಾಣದಲ್ಲಿ ಒಂದೂವರೆ ಗಂಟೆ, ಹಾರಾಟಕ್ಕೆ ಒಂದು ಗಂಟೆ, ದೇವನಹಳ್ಳಿಯಿಂದ ನಗರಕ್ಕೆ ಮತ್ತೊಂದು ಒಂದೂವರೆ ಗಂಟೆ ಎಂದು ಕೂಡಿಸಿದರೆ, 2023ರ ಜೂನ್‌ನಿಂದ ದಾವಣಗೆರೆಯಲ್ಲಿ ನಿಲ್ಲುತ್ತಿರುವ ಧಾರವಾಡ–ಬೆಂಗಳೂರು ವಂದೇ ಭಾರತ್ ರೈಲು ಅದಕ್ಕಿಂತ ಬಹಳ ಮೊದಲೇ ತಲುಪಿಸಿರುತ್ತದೆ. ಹೈದರಾಬಾದ್, ತಿರುಪತಿ, ಗೋವಾ, ಚೆನ್ನೈಯಂಥ ಊರುಗಳಿಗೆ, ಅಂದರೆ ರೈಲಿನಲ್ಲಿ ಒಂದು ರಾತ್ರಿ ಕಳೆಯಬೇಕಾದ ಕಡೆಗಳಿಗೆ, ಪ್ರಾದೇಶಿಕ ವಿಮಾನ ನಿಜಕ್ಕೂ ಸಮಯ ಉಳಿಸುತ್ತದೆ.

ಚಳ್ಳಕೆರೆ ಬಳಿ ದೊಡ್ಡ ರನ್‌ವೇ ಇದೆಯಲ್ಲ, ಅಲ್ಲಿಂದ ವಿಮಾನ ಏಕೆ ಬಿಡುವುದಿಲ್ಲ?

ಕುದಾಪುರದ ಬಳಿಯಿರುವುದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ. ಪೈಲಟ್ ರಹಿತ ವಿಮಾನಗಳ ಪರೀಕ್ಷೆಗೆಂದು ಕಟ್ಟಿದ ಆ ನೆಲೆಯಲ್ಲೇ 2023ರ ಏಪ್ರಿಲ್ 2ರಂದು ಇಸ್ರೊ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು ತಾನಾಗಿಯೇ ನೆಲಕ್ಕಿಳಿಯುವಂತೆ ಮಾಡಿ ಪರೀಕ್ಷಿಸಿತು. ಅದು ನಾಗರಿಕ ನಿಲ್ದಾಣವಲ್ಲ. ರನ್‌ವೇ ಒಂದಿದ್ದರೆ ವಿಮಾನ ಬರುತ್ತದೆಂಬ ಎಣಿಕೆಯೂ ಸರಿಯಲ್ಲ. ಟರ್ಮಿನಲ್, ಭದ್ರತಾ ಸಿಬ್ಬಂದಿ, ಅಗ್ನಿಶಾಮಕ ವ್ಯವಸ್ಥೆ, ವಾಯು ಸಂಚಾರ ನಿಯಂತ್ರಣ, ಇಂಧನ ಪೂರೈಕೆ ಇವೆಲ್ಲ ಇರಬೇಕು, ಅದಕ್ಕೂ ಮಿಗಿಲಾಗಿ ದಿನನಿತ್ಯ ಆಸನಗಳನ್ನು ತುಂಬುವಷ್ಟು ಪ್ರಯಾಣಿಕರಿರಬೇಕು.

ಪ್ರಾದೇಶಿಕ ಸಂಸ್ಥೆಗಳ ವಿಮಾನಗಳು ಎಂಥವು?

ನಮ್ಮ ಭಾಗದಲ್ಲಿ ಕಾಣುವವು ಮುಖ್ಯವಾಗಿ ಎರಡು ಬಗೆಯವು. ಮೊದಲನೆಯದು ಪ್ರೊಪೆಲ್ಲರ್ ತಿರುಗುವ ಎಟಿಆರ್ 72: ಎಪ್ಪತ್ತರಿಂದ ಎಪ್ಪತ್ತೆಂಟು ಆಸನ, ಗಂಟೆಗೆ ಸುಮಾರು 500 ಕಿ.ಮೀ. ವೇಗ. ಕಡಿಮೆ ಇಂಧನದಲ್ಲಿ, ಚಿಕ್ಕ ರನ್‌ವೇಯಿಂದ ಏರಬಲ್ಲದಾದ್ದರಿಂದ ಸಣ್ಣ ಊರುಗಳಿಗೆ ಇದು ಅಚ್ಚುಮೆಚ್ಚು. ಪ್ರಯಾಣಿಕರು ಇದನ್ನು ಹಿಂಬದಿಯ ಬಾಗಿಲಿನಿಂದ ಹತ್ತುತ್ತಾರೆ; ಸರಕು ಮುಂಭಾಗದಲ್ಲಿರುತ್ತದೆ. ಎರಡನೆಯದು ಬ್ರೆಜಿಲ್‌ನ ಎಂಬ್ರಾಯರ್ ಕಂಪನಿಯ ಜೆಟ್‌ಗಳು. 2019ರ ಜನವರಿ 25ರಂದು ಬೆಂಗಳೂರು–ಹುಬ್ಬಳ್ಳಿ ಹಾರಾಟದೊಂದಿಗೆ ಆರಂಭವಾದ ಸ್ಟಾರ್ ಏರ್ ಮೊದಲು 50 ಆಸನಗಳ ಇಆರ್‌ಜೆ 145 ಬಳಸಿತು, ಮುಂದೆ 76 ಆಸನಗಳ ಇ175 ತಂದಿತು. ಈ ಯಾವುದರಲ್ಲೂ ನಡುವಿನ ಆಸನ ಎಂಬುದಿಲ್ಲ: ಎಟಿಆರ್ ಮತ್ತು ಇ175ರಲ್ಲಿ ಎರಡು–ಎರಡು, ಇಆರ್‌ಜೆ 145ರಲ್ಲಿ ಒಂದು–ಎರಡು. ಸಣ್ಣ ವಿಮಾನದ ಈ ಒಂದು ಸುಖವನ್ನು ಯಾರೂ ಜಾಹೀರಾತಿನಲ್ಲಿ ಹೇಳುವುದಿಲ್ಲ.

ಎಟಿಆರ್‌ನಲ್ಲಿ ಸದ್ದು ಬೇಡವೆನ್ನುವವರು ಪ್ರೊಪೆಲ್ಲರ್‌ಗೆ ದೂರವಾದ ಹಿಂದಿನ ಸಾಲುಗಳನ್ನು ಕೇಳಿ ಪಡೆಯಬಹುದು.

ಸಣ್ಣ ವಿಮಾನ ಸುರಕ್ಷಿತವೇ? ಮಳೆಗಾಲದಲ್ಲಿ ಬಹಳ ಕುಲುಕುತ್ತದೆ ಎನ್ನುತ್ತಾರೆ.

ದೊಡ್ಡ ಸಂಸ್ಥೆಗಳಿಗೆ ಪರವಾನಗಿ ಕೊಡುವ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೇ, ಅಂದರೆ ಎಲ್ಲರೂ ಡಿಜಿಸಿಎ ಎಂದು ಕರೆಯುವ ಸಂಸ್ಥೆಯೇ, ಇವುಗಳಿಗೂ ಪರವಾನಗಿ ಕೊಟ್ಟು ತಪಾಸಣೆ ನಡೆಸುತ್ತದೆ. ಮೇಲೆ ಹೇಳಿದ ಎಲ್ಲ ವಿಮಾನಗಳಿಗೂ ಎರಡು ಎಂಜಿನ್, ಇಬ್ಬರು ಪೈಲಟ್‌ಗಳಿರುತ್ತಾರೆ. ಕುಲುಕಾಟ ನಿಜ: ಎಟಿಆರ್ ಹಾರುವ ಎತ್ತರ 25,000 ಅಡಿಗೆ ಸೀಮಿತವಾದ್ದರಿಂದ ಮುಂಗಾರಿನ ಮೋಡಗಳನ್ನು ಮೇಲಿನಿಂದ ದಾಟಿಹೋಗುವುದು ಅದಕ್ಕೆ ಯಾವಾಗಲೂ ಸಾಧ್ಯವಿಲ್ಲ. ಅದು ಅಹಿತಕರವೇ ಹೊರತು ಅಪಾಯದ ಸೂಚನೆಯಲ್ಲ. ಬೆಲ್ಟು ಬಿಗಿದು ಕುಳಿತರೆ ಸಾಕು. ಆಸನಗಳು ಖಾಲಿಯಿದ್ದಾಗ ಸಿಬ್ಬಂದಿ ಕೆಲವರನ್ನು ಬೇರೆ ಸಾಲಿಗೆ ಕಳುಹಿಸುವುದುಂಟು. ತೂಕದ ಸಮತೋಲನಕ್ಕಾಗಿ ಮಾಡುವ ಕ್ರಮವಾದ್ದರಿಂದ ಅಲ್ಲಿ ವಾದಕ್ಕೆ ಅವಕಾಶವಿಲ್ಲ.

ಉಡಾನ್ ಯೋಜನೆಯಲ್ಲಿ 2,500 ರೂಪಾಯಿಗೆ ಟಿಕೆಟ್ ಎಂದರು. ನಮಗೇಕೆ ಅದು ಸಿಗುವುದಿಲ್ಲ?

ಸಣ್ಣ ಊರುಗಳಿಗೆ ಕಡಿಮೆ ದರದ ವಿಮಾನ ಸಂಪರ್ಕ ಕಲ್ಪಿಸಲೆಂದು ಕೇಂದ್ರ ಸರ್ಕಾರ 2016ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ಈ ಯೋಜನೆಯ ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾ–ದೆಹಲಿ ನಡುವೆ ಹಾರಿತು. ಸುಮಾರು ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಮಿತಿ ಎಂಬುದು ಆರಂಭದ ಘೋಷಣೆ. ಮಿತಿಯನ್ನು ಆಮೇಲೆ ಕಾಲಕಾಲಕ್ಕೆ ಪರಿಷ್ಕರಿಸಲಾಗಿದೆ. ಜನ ಗಮನಿಸದೆ ಹೋದ ಷರತ್ತುಗಳು ಮೂರು. ಈ ದರ ಯೋಜನೆಯಡಿ ಮಂಜೂರಾದ ಮಾರ್ಗಗಳಿಗೆ ಮಾತ್ರ ಅನ್ವಯಿಸುತ್ತದೆ. ಆ ಮಾರ್ಗದಲ್ಲೂ ಸುಮಾರು ಅರ್ಧದಷ್ಟು ಆಸನಗಳಿಗೆ ಮಾತ್ರ ಮಿತಿ, ಅದೂ ಗರಿಷ್ಠ 40 ಆಸನ. ಉಳಿದವನ್ನು ಸಂಸ್ಥೆ ತನಗೆ ತೋಚಿದ ದರಕ್ಕೆ ಮಾರಬಹುದು. ಸರ್ಕಾರದ ನಷ್ಟಭರ್ತಿ ಸಿಗುವುದು ಮೂರು ವರ್ಷಗಳವರೆಗೆ. ಹೀಗಾಗಿ ಮುಂಚೆ ಬುಕ್ ಮಾಡಿದವರಿಗೆ ಕಡಿಮೆ ದರ, ಕೊನೆಯ ವಾರದಲ್ಲಿ ಬಂದವರಿಗೆ ದುಪ್ಪಟ್ಟು ದರ ಎಂಬುದು ಉಡಾನ್ ಮಾರ್ಗದಲ್ಲೂ ನಡೆಯುತ್ತದೆ.

ಇಂದು ಇರುವ ಮಾರ್ಗ ಮುಂದಿನ ವರ್ಷವೂ ಇರುತ್ತದೆಯೇ?

ಖಚಿತವಾಗಿ ಇರುತ್ತದೆಂದು ಯಾರೂ ಹೇಳಲಾರರು, ಹೇಳಿದರೆ ನಂಬಲೂ ಬಾರದು. ಸರ್ಕಾರದ ಲೆಕ್ಕಪತ್ರ ತಪಾಸಣೆ ಮಾಡುವ ಮಹಾಲೇಖಪಾಲರ (ಸಿಎಜಿ) 2023ರ ವರದಿಯ ಪ್ರಕಾರ ಉಡಾನ್‌ನ ಮೂರನೇ ಹಂತದವರೆಗೆ ಹಂಚಿಕೆಯಾದ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷ ಪೂರೈಸಿದವು 112. ನೆರವಿನ ಅವಧಿ ಮುಗಿದ ಮೇಲೂ 2023ರ ಮಾರ್ಚ್ ವೇಳೆಗೆ ಉಳಿದಿದ್ದವು ಕೇವಲ 54. ಸಂಸ್ಥೆಗಳ ಆಯುಷ್ಯವೂ ದೀರ್ಘವಲ್ಲ. 1981ರಲ್ಲಿ ಸರ್ಕಾರವೇ ಸ್ಥಾಪಿಸಿದ ವಾಯುದೂತ್ ತೊಂಬತ್ತರ ದಶಕದಲ್ಲಿ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ವಿಲೀನವಾಯಿತು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಆರಂಭಿಸಿದ ಏರ್ ಡೆಕ್ಕನ್ ಕಿಂಗ್‌ಫಿಷರ್‌ಗೆ ಸೇರಿಹೋಯಿತು. 2015ರಲ್ಲಿ ಹಾರತೊಡಗಿದ ಟ್ರೂಜೆಟ್ 2022ರಲ್ಲಿ ನಿಂತಿತು. ವಿಮಾನ ಇಂಧನದ ಬೆಲೆ, ಡಾಲರಿನಲ್ಲಿ ತೆರಬೇಕಾದ ಬಾಡಿಗೆ, ಅರ್ಧ ಖಾಲಿ ಆಸನಗಳು ಈ ಮೂರೂ ಒಟ್ಟಿಗೆ ಬಂದಾಗ ಸಣ್ಣ ಸಂಸ್ಥೆಗೆ ತಾಳಿಕೊಳ್ಳುವ ಶಕ್ತಿ ಇರುವುದಿಲ್ಲ.

ಆದ್ದರಿಂದ ಆರು ತಿಂಗಳ ಮುಂಚಿತ ಬುಕಿಂಗ್‌ನಲ್ಲಿ ಉಳಿಯುವ ಒಂದಿಷ್ಟು ಹಣಕ್ಕಿಂತ, ಒಂದೆರಡು ತಿಂಗಳ ಮೊದಲು ಕೊಂಡ ಟಿಕೆಟ್ ಹೆಚ್ಚು ಭದ್ರ. ಕ್ರೆಡಿಟ್ ಕಾರ್ಡ್ ಮೂಲಕ ಪಾವತಿಸಿದ್ದರೆ ಸಂಸ್ಥೆ ಬಾಗಿಲು ಮುಚ್ಚಿದಾಗ ಬ್ಯಾಂಕಿನ ಮುಂದೆ ತಕರಾರು ಸಲ್ಲಿಸುವ ದಾರಿಯೊಂದು ತೆರೆದಿರುತ್ತದೆ.

ನನ್ನ ಹೆಸರಿಗೆ ಇನಿಷಿಯಲ್ ಮಾತ್ರ ಇದೆ, ಸರ್‌ನೇಮ್ ಇಲ್ಲ. ಟಿಕೆಟ್‌ನಲ್ಲಿ ಏನೆಂದು ಬರೆಯಬೇಕು?

ಗುರುತಿನ ಚೀಟಿಯಲ್ಲಿರುವಂತೆಯೇ ಬರೆಯಬೇಕೆಂಬುದು ನಿಯಮ. ನಮ್ಮ ಕಡೆ ಊರಿನ ಹಾಗೂ ತಂದೆಯ ಹೆಸರಿನ ಮೊದಲಕ್ಷರಗಳನ್ನು ಹೆಸರಿನ ಮುಂದೋ ಹಿಂದೋ ಇಟ್ಟುಕೊಳ್ಳುವ ರೂಢಿಯಿರುವುದರಿಂದ, ಬುಕಿಂಗ್ ತಾಣದ ಸರ್‌ನೇಮ್ ಕಲಂ ಒಂದೇ ಅಕ್ಷರವನ್ನು ಒಪ್ಪದೆ ತೊಂದರೆಯಾಗುತ್ತದೆ. ಆಗ ಇನಿಷಿಯಲ್‌ಗಳನ್ನು ಒಟ್ಟಾಗಿ ಆ ಕಲಂನಲ್ಲಿ ಹಾಕಬಹುದು. ಅದೂ ಆಗದಿದ್ದರೆ ಕೊಟ್ಟ ಹೆಸರನ್ನೇ ಎರಡೂ ಕಡೆ ಬರೆಯಬಹುದು. ಗುರುತಿನ ಚೀಟಿಯಲ್ಲಿಲ್ಲದ ಮನೆತನದ ಹೆಸರನ್ನು ಹೊಸದಾಗಿ ಸೇರಿಸಬಾರದು. ಕಾಗುಣಿತ ತಪ್ಪಿದ್ದರೆ ಬುಕ್ ಮಾಡಿದ 24 ಗಂಟೆಯೊಳಗೆ ಸಂಸ್ಥೆಗೆ ತಿಳಿಸಿ ತಿದ್ದಿಸಿಕೊಳ್ಳಬೇಕು.

ಏಜೆಂಟರ ಮೂಲಕ ಬುಕ್ ಮಾಡುವವರಿಗೆ ಇನ್ನೊಂದು ಮಾತು: ಟಿಕೆಟ್‌ನಲ್ಲಿ ಅವರ ಮೊಬೈಲ್ ಸಂಖ್ಯೆಯಲ್ಲ, ನಿಮ್ಮದೇ ಇರಬೇಕು. ಪ್ರಯಾಣಿಕರು ಸಂಪರ್ಕದ ವಿವರ ಸರಿಯಾಗಿ ಕೊಟ್ಟಿರದಿದ್ದರೆ ರದ್ದತಿಯ ಪರಿಹಾರ ಕೊಡಬೇಕಾಗಿಲ್ಲ ಎಂದು ನಿಯಮದಲ್ಲೇ ಇದೆ.

ಎಷ್ಟು ಲಗೇಜು ಒಯ್ಯಬಹುದು? ಊರಿನ ತಿನಿಸುಗಳನ್ನು ಬಿಡುತ್ತಾರೆಯೇ?

ಸಾಮಾನ್ಯವಾಗಿ 15 ಕೆ.ಜಿ. ಒಪ್ಪಿಸುವ ಲಗೇಜು, 7 ಕೆ.ಜಿ.ಯ ಒಂದು ಕೈಚೀಲ. ಸಣ್ಣ ವಿಮಾನದ ಮೇಲಿನ ಗೂಡುಗಳು ಕಿರಿದಾದ್ದರಿಂದ, ದೊಡ್ಡ ವಿಮಾನದಲ್ಲಿ ಒಳಗೆ ಬಿಟ್ಟ ಚಕ್ರದ ಪೆಟ್ಟಿಗೆಯನ್ನು ಇಲ್ಲಿ ಮೆಟ್ಟಿಲ ಬಳಿಯೇ ಪಡೆದು ಸರಕಿನ ಜಾಗಕ್ಕೆ ಹಾಕುವುದುಂಟು. ಔಷಧಿ, ಒಡವೆ, ಕಾಗದಪತ್ರಗಳನ್ನು ಬೇರೆ ಚಿಕ್ಕ ಚೀಲದಲ್ಲಿಟ್ಟುಕೊಂಡಿರಬೇಕು. ಮಂಡಕ್ಕಿ, ಖಾರ, ಚಕ್ಕುಲಿಗೆ ಅಡ್ಡಿಯಿಲ್ಲ. ಉಪ್ಪಿನಕಾಯಿ, ತುಪ್ಪ, ಬೆಣ್ಣೆಯನ್ನು ಸೋರದಂತೆ ಕಟ್ಟಿ ಒಪ್ಪಿಸುವ ಲಗೇಜಿನಲ್ಲಿಡುವುದು ಸರಿ. ಖಾರದ ಪುಡಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಹೊಸದುರ್ಗದ ಕಡೆಯವರು ನೆನಪಿಡಬೇಕಾದದ್ದು ಕೊಬ್ಬರಿ: ಎಣ್ಣೆಯಂಶದಿಂದ ಬೆಂಕಿ ಹೊತ್ತಿಕೊಳ್ಳುವ ಗುಣವಿರುವುದರಿಂದ ಅದನ್ನು ವಿಮಾನದಲ್ಲಿ ನಿಷೇಧಿಸಲಾಗಿದೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಬೆಂಕಿಪೊಟ್ಟಣ, ಲೈಟರ್ ಎಲ್ಲಿಯೂ ಇರಬಾರದು.

ಬೆಂಗಳೂರು ಅಥವಾ ಹೈದರಾಬಾದಿನಲ್ಲಿ ಇಳಿದು ಬೇರೆ ಸಂಸ್ಥೆಯ ವಿಮಾನ ಹಿಡಿಯಬಹುದೇ?

ಹಿಡಿಯಬಹುದು, ಆದರೆ ಎರಡು ಟಿಕೆಟ್‌ಗಳು ಬೇರೆ ಬೇರೆ ಪಿಎನ್‌ಆರ್‌ನಲ್ಲಿದ್ದರೆ ಅವುಗಳ ನಡುವಿನ ಹೊಣೆ ಪೂರ್ತಿಯಾಗಿ ನಿಮ್ಮದೇ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಎರಡನೆಯ ಸಂಸ್ಥೆ ನಿಮ್ಮನ್ನು ಬಾರದ ಪ್ರಯಾಣಿಕ ಎಂದೇ ಪರಿಗಣಿಸುತ್ತದೆ. ಲಗೇಜನ್ನು ಬೆಲ್ಟಿನಿಂದ ಎತ್ತಿಕೊಂಡು ಹೊರಬಂದು ಮತ್ತೆ ಚೆಕ್‑ಇನ್ ಮಾಡಬೇಕು. ಬೆಂಗಳೂರಿನಲ್ಲಿ ಎರಡು ಟರ್ಮಿನಲ್‌ಗಳಿರುವುದರಿಂದ ಯಾವುದರಲ್ಲಿ ಇಳಿಯುತ್ತೀರಿ, ಯಾವುದರಿಂದ ಏರುತ್ತೀರಿ ಎಂಬುದನ್ನೂ ನೋಡಿಕೊಳ್ಳಬೇಕು. ನಡುವೆ ನಾಲ್ಕು ಗಂಟೆಯಾದರೂ ಇರಲಿ. ಮುಂದಿನದು ವಿದೇಶದ ವಿಮಾನವಾಗಿದ್ದರೆ ಹಿಂದಿನ ದಿನವೇ ಹೋಗಿ ತಂಗುವುದು ಲೇಸು. ಎರಡೂ ಹಾರಾಟಗಳು ಒಂದೇ ಪಿಎನ್‌ಆರ್‌ನಲ್ಲಿ ಸಿಗುವುದಾದರೆ ತುಸು ಹೆಚ್ಚು ಹಣ ಕೊಟ್ಟಾದರೂ ಅದನ್ನೇ ಕೊಳ್ಳಬೇಕೆಂಬುದು ನಮ್ಮ ಸಲಹೆ.

ಮಂಜು, ಮಳೆಯೆಂದು ವಿಮಾನ ರದ್ದಾದರೆ ಏನು ಸಿಗುತ್ತದೆ? ತಾಂತ್ರಿಕ ಕಾರಣಕ್ಕೆ ರದ್ದಾದರೆ?

ಅತಿ ಹೆಚ್ಚು ಜಗಳವಾಗುವುದು ಇಲ್ಲಿಯೇ. ಮೊದಲು ಕಾರಣ ತಿಳಿಯಬೇಕು. ದೊಡ್ಡ ನಿಲ್ದಾಣಗಳಲ್ಲಿ ರೇಡಿಯೊ ಸಂಕೇತದ ನೆರವಿನಿಂದ ಕಡಿಮೆ ಬೆಳಕಿನಲ್ಲೂ ಇಳಿಯಬಹುದು. ಅಂಥ ಸಲಕರಣೆಯಿಲ್ಲದ ಸಣ್ಣ ನಿಲ್ದಾಣಗಳಲ್ಲಿ ಪೈಲಟ್‌ಗೆ ರನ್‌ವೇ ದೂರದಿಂದಲೇ ಸ್ಪಷ್ಟವಾಗಿ ಕಾಣಬೇಕಾಗುತ್ತದೆ. ಮಲೆನಾಡಿನ ಅಂಚಿನ ಮುಂಗಾರು ಮೋಡ, ಚಳಿಗಾಲದ ಬೆಳಗಿನ ಮಂಜು ಎರಡೂ ಅದಕ್ಕೆ ಅಡ್ಡಿ. ಇನ್ನೊಂದು ಕಾರಣ, ಒಂದೇ ಬಸ್ಸಿಟ್ಟುಕೊಂಡ ಮಾಲೀಕನ ಪಾಡು: ಬೆಳಿಗ್ಗೆ ಬೇರೆಲ್ಲೋ ಕೆಟ್ಟು ನಿಂತ ವಿಮಾನವೇ ಮಧ್ಯಾಹ್ನ ನಿಮ್ಮನ್ನು ಒಯ್ಯಬೇಕಾಗಿದ್ದದ್ದು, ಬದಲಿಗೆ ತರಲು ಇನ್ನೊಂದಿಲ್ಲ. ದಿನದ ಮೊದಲ ಹಾರಾಟಗಳಿಗೆ ಹಿಂದಿನ ವಿಳಂಬದ ಕಾಟ ಕಡಿಮೆ, ಮಂಜಿನ ಕಾಟ ಹೆಚ್ಚು. ಡಿಸೆಂಬರ್, ಜನವರಿಯಲ್ಲಿ ಹತ್ತು ಗಂಟೆಯ ನಂತರದ್ದನ್ನೂ ಉಳಿದ ತಿಂಗಳಲ್ಲಿ ಬೆಳಗಿನದ್ದನ್ನೂ ಆರಿಸುವುದು ಜಾಣತನ.

ಇನ್ನು ಹಕ್ಕಿನ ಮಾತು. ಕಾರಣ ಏನೇ ಇರಲಿ, ಸಂಸ್ಥೆಯೇ ರದ್ದು ಮಾಡಿದರೆ ಪೂರ್ಣ ಹಣ ವಾಪಸು ಅಥವಾ ಬದಲಿ ವಿಮಾನ, ಆಯ್ಕೆ ಪ್ರಯಾಣಿಕರದು. ಮುಂದಿನ ಪ್ರಯಾಣಕ್ಕೆ ಬಳಸಿಕೊಳ್ಳಿ ಎಂದು ಕೂಪನ್ ನೀಡಿದರೆ ಒಪ್ಪಲೇಬೇಕೆಂದಿಲ್ಲ. ಕನಿಷ್ಠ 24 ಗಂಟೆ ಮೊದಲು ತಿಳಿಸದೆ ರದ್ದು ಮಾಡಿದ್ದರೆ ಅದರ ಮೇಲೆ ಪರಿಹಾರವೂ ಇದೆ: ಒಂದು ಗಂಟೆಯೊಳಗಿನ ಹಾರಾಟಕ್ಕೆ 5,000 ರೂಪಾಯಿ, ಒಂದರಿಂದ ಎರಡು ಗಂಟೆಯದಕ್ಕೆ 7,500 ರೂಪಾಯಿ, ಅದಕ್ಕೂ ಹೆಚ್ಚಿನದಕ್ಕೆ 10,000 ರೂಪಾಯಿ, ಅಥವಾ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಹವಾಮಾನ, ಬಂದ್, ಭದ್ರತಾ ಕಾರಣಗಳಂತಹ ಸಂಸ್ಥೆಯ ಕೈಮೀರಿದ ಸಂದರ್ಭಗಳಲ್ಲಿ ಈ ಪರಿಹಾರ ಸಿಗದು. ಆದ್ದರಿಂದಲೇ ರದ್ದತಿಯ ಕಾರಣವನ್ನು ಕೌಂಟರಿನಲ್ಲಿ ಬರಹದಲ್ಲಿ ಕೇಳಿ ಪಡೆಯಬೇಕು. ಬಾಯಿಮಾತಿನ ‘ಆಪರೇಷನಲ್ ಕಾರಣ’ ಎಂಬುದಕ್ಕೆ ಆಮೇಲೆ ಯಾವ ಅರ್ಥವನ್ನಾದರೂ ಹಚ್ಚಬಹುದು.

ವಿಳಂಬ ಎರಡು ಗಂಟೆ ಮೀರಿದರೆ ಎರಡೂವರೆ ಗಂಟೆಯೊಳಗಿನ ಹಾರಾಟಗಳ ಪ್ರಯಾಣಿಕರಿಗೆ ಊಟ ಅಥವಾ ಉಪಾಹಾರ ಕೊಡಬೇಕು, ಅಂದರೆ ಪ್ರಾದೇಶಿಕ ಮಾರ್ಗಗಳೆಲ್ಲವೂ ಇದರಡಿ ಬಂದಂತೆ. ಆರು ಗಂಟೆ ಮೀರುವ ವಿಳಂಬಕ್ಕೆ ಬದಲಿ ವಿಮಾನ ಅಥವಾ ಪೂರ್ಣ ಹಣ. ಸೀಟು ಹೆಚ್ಚು ಮಾರಿ ನಿಮ್ಮನ್ನು ಹತ್ತಿಸಿಕೊಳ್ಳದಿದ್ದರೆ, ಒಂದು ಗಂಟೆಯೊಳಗೆ ಹೊರಡುವ ಬದಲಿ ವಿಮಾನ ಒದಗಿಸದ ಪಕ್ಷದಲ್ಲಿ, ಪರಿಹಾರ ಗರಿಷ್ಠ 10,000 ರೂಪಾಯಿ. ಬದಲಿ ವಿಮಾನ 24 ಗಂಟೆ ಮೀರಿದ್ದಾದರೆ ಗರಿಷ್ಠ 20,000 ರೂಪಾಯಿ.

ಶಿವಮೊಗ್ಗದಿಂದ ದಾವಣಗೆರೆಗೆ ವಾಪಸಾದ ಟ್ಯಾಕ್ಸಿ ಬಾಡಿಗೆ ಈ ಯಾವ ಲೆಕ್ಕದಲ್ಲೂ ಬರುವುದಿಲ್ಲ. ಹೊರಡುವ ಮೊದಲು ನಿಮ್ಮನ್ನು ಒಯ್ಯಲಿರುವ ವಿಮಾನ ಹಿಂದಿನ ಊರಿನಿಂದ ಹೊರಟಿದೆಯೇ ಎಂದು ವಿಮಾನ ಪತ್ತೆಹಚ್ಚುವ ಆ್ಯಪ್‌ಗಳಲ್ಲಿ ನೋಡಿಕೊಂಡರೆ ಒಂದಿಷ್ಟು ಉಳಿತಾಯವಾದೀತು.

ನಾನೇ ಟಿಕೆಟ್ ರದ್ದು ಮಾಡಿದರೆ?

ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತವನ್ನು ಮೀರುವಂತಿಲ್ಲ. ಸರ್ಕಾರಿ ತೆರಿಗೆ, ನಿಲ್ದಾಣದ ಬಳಕೆದಾರ ಶುಲ್ಕಗಳನ್ನು ಹಿಂದಿರುಗಿಸಲೇಬೇಕು, ನೀವು ರದ್ದು ಮಾಡದೆ ಸುಮ್ಮನೆ ಹೋಗದೆ ಉಳಿದಿದ್ದರೂ ಸಹ. ಬಹಳಷ್ಟು ಜನ ಇದನ್ನು ಕೇಳುವುದೇ ಇಲ್ಲ. ಏಜೆಂಟರ ಮೂಲಕ ಕೊಂಡಿದ್ದರೂ ಹಣ ಹಿಂದಿರುಗಿಸುವ ಹೊಣೆ ವಿಮಾನ ಸಂಸ್ಥೆಯದೇ.

ವಯಸ್ಸಾದವರಿಗೆ ಗಾಲಿಕುರ್ಚಿ ಸಿಗುತ್ತದೆಯೇ?

ಸಿಗುತ್ತದೆ. ಬುಕ್ ಮಾಡುವಾಗಲೇ, ಕನಿಷ್ಠ 48 ಗಂಟೆ ಮೊದಲು ತಿಳಿಸಿರಬೇಕು. ಸಣ್ಣ ನಿಲ್ದಾಣಗಳಲ್ಲಿ ವಿಮಾನಕ್ಕೆ ಅಂಟಿಕೊಳ್ಳುವ ಸೇತುವೆ ಇರುವುದು ಅಪರೂಪ, ಮೆಟ್ಟಿಲು ಹತ್ತಬೇಕು. ಹತ್ತಲು ಆಗದವರು ಅದನ್ನು ಬಿಡಿಸಿ ಹೇಳಬೇಕು. ಸ್ಟ್ರೆಚರ್ ಮೇಲೆ ರೋಗಿಯನ್ನು ಒಯ್ಯುವುದು ಈ ವಿಮಾನಗಳಲ್ಲಿ ಸಾಮಾನ್ಯವಾಗಿ ಆಗದ ಮಾತು. ಸ್ವಂತ ಆಮ್ಲಜನಕದ ಸಿಲಿಂಡರ್‌ಗೂ ಅನುಮತಿಯಿಲ್ಲ.

ಲಗೇಜು ಕಳೆದರೆ?

ನಿಲ್ದಾಣ ಬಿಡುವ ಮೊದಲೇ ಕೌಂಟರಿನಲ್ಲಿ ಲಿಖಿತ ದೂರು ಕೊಟ್ಟು ಅದರ ಪ್ರತಿ ಪಡೆಯಬೇಕು. ಹಾನಿಯಾಗಿದ್ದರೆ 7 ದಿನ, ತಡವಾಗಿ ಬಂದಿದ್ದರೆ 21 ದಿನಗಳೊಳಗೆ ಬರೆದು ತಿಳಿಸಬೇಕು. ದೇಶದೊಳಗಿನ ಪ್ರಯಾಣದಲ್ಲಿ ಲಗೇಜಿಗೆ ಸಂಸ್ಥೆಯ ಹೊಣೆ ಒಬ್ಬರಿಗೆ 20,000 ರೂಪಾಯಿಗೆ ಸೀಮಿತ. ಒಡವೆಯ ಪೆಟ್ಟಿಗೆಯನ್ನು ಒಪ್ಪಿಸುವವರು ಈ ಅಂಕಿಯನ್ನು ಮರೆಯದಿರಲಿ.

ಸಂಸ್ಥೆ ದೂರಿಗೆ ಉತ್ತರವನ್ನೇ ಕೊಡುತ್ತಿಲ್ಲ. ಅದರ ಕಚೇರಿ ಇರುವ ಊರಿಗೆ ಹೋಗಿ ಮೊಕದ್ದಮೆ ಹೂಡಬೇಕೇ?

ಬೇಕಾಗಿಲ್ಲ. ಮೊದಲು ಸಂಸ್ಥೆಯ ದೂರು ಅಧಿಕಾರಿಗೆ ಇಮೇಲ್ ಮೂಲಕ ಬರೆಯಬೇಕು, ನಂತರ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ತಾಣದಲ್ಲಿ ದೂರು ದಾಖಲಿಸಬೇಕು. ಎಷ್ಟೋ ಮರುಪಾವತಿಗಳು ಅಲ್ಲಿ ದಾಖಲಾದ ಮೇಲೆಯೇ ಅಲುಗಾಡುತ್ತವೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೂರುದಾರರು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು ಅವಕಾಶ ಕೊಟ್ಟಿರುವುದರಿಂದ, ವಿಮಾನ ಎಲ್ಲಿಂದ ಹಾರಿದ್ದರೂ ದಾವಣಗೆರೆಯವರು ದಾವಣಗೆರೆಯಲ್ಲಿ, ಚಿತ್ರದುರ್ಗದವರು ಚಿತ್ರದುರ್ಗದಲ್ಲಿ ಮುಂದುವರಿಯಬಹುದು. ಪಾವತಿಸಿದ ಮೊತ್ತ ಐದು ಲಕ್ಷ ರೂಪಾಯಿ ಒಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳುವುದು ಕಡ್ಡಾಯವೂ ಅಲ್ಲ. ಟಿಕೆಟ್, ಪಾವತಿಯ ರಸೀದಿ, ಬೋರ್ಡಿಂಗ್ ಪಾಸ್, ರದ್ದತಿಯ ಎಸ್‌ಎಂಎಸ್ ಮತ್ತು ಸಂಸ್ಥೆಗೆ ಬರೆದ ಇಮೇಲ್‌ಗಳ ಪ್ರತಿ ಜೊತೆಗಿರಬೇಕು. ಘಟನೆ ನಡೆದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು.